ಕಾಜಾ

ಶರ್ಟಿಗೆ ಒಂಬತ್ತು ರೂಪಾಯಿ.
ಏಳು ಕಾಜಾ, ಏಳು ಗುಂಡಿ, ದಾರ ನಂದೇ.
ಚೌಕಿಪೇಟೆಯಿಂದ ಪಿಸೆ ಟೈಲರು ಸಂಜೆಗೆ ಗಂಟು ಕಳಿಸುತ್ತಾರೆ,
ಬೆಳಗಾಗುವುದರೊಳಗೆ ವಾಪಸು.
ನಿಟ್ಟುವಳ್ಳಿಯ ಈ ಓಣಿಯಲ್ಲಿ
ಇಷ್ಟು ಚುರುಕು ಕೈ ಇನ್ನೊಂದಿಲ್ಲ ಎಂದು
ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಶರಣು ಮಾತ್ರ
ಬೆಳಿಗ್ಗೆ ಶರ್ಟಿನೊಳಗೆ ಕೈ ಇಳಿಬಿಟ್ಟು ನಿಲ್ಲುತ್ತಿದ್ದ,
ಫ್ಯಾನಿನ ರೆಕ್ಕೆ ನೋಡುತ್ತ,
ಬಟ್ಟೆ ಅಂಗಡಿಯ ಗೊಂಬೆಯ ಹಾಗೆ.
ನಾನು ಟಪಟಪ ಏಳೂ ಹಾಕಿ ವ್ಯಾನು ಹತ್ತಿಸುತ್ತಿದ್ದೆ.
ಒಂಬತ್ತು ವರ್ಷ
ಅವನ ಬೆರಳಿನ ಕೆಲಸವನ್ನು ನನ್ನ ಬೆರಳು ಕದ್ದಿದ್ದವು.

ಮೊದಲು ಕಾಲರಿನ ಚೀಟಿ ಹೋಯಿತು.
ನಮಗದು ಕಂಪನಿ ಹೆಸರು, ಅವನ ಕತ್ತಿಗೆ ಜಾಲಿ ಮುಳ್ಳು.
ಗಂಜಿ ಬಿಡಲೆಂದು ಯೂನಿಫಾರಂ ಹನ್ನೊಂದು ಸಲ ಒಗೆದೆ,
ನೀಲಿ ಬಿಳಿಚಿಕೊಂಡಿತು,
ಶಾಲೆಯಿಂದ ಬೇರೊಂದು ಚೀಟಿ ಬಂತು.
ಬರಲಿ.

ಕೊನೆಯಿಂದ ಶುರು ಮಾಡಿ, ಎಂದರು ಸೆಂಟರಿನ ಟೀಚರು.
ಆರು ನೀವೇ ಹಾಕಿ,
ಏಳನೆಯದನ್ನು ಅರ್ಧ ತೂರಿಸಿ ಬಿಟ್ಟುಬಿಡಿ.
ಎಳೆಯುವುದು ಅವನ ಪಾಲು.
ಮುಗಿಸಿದೆ ಅನ್ನೋದು ಅವನಿಗೆ ಮೊದಲು ಸಿಗಲಿ.

ಬಿಟ್ಟುಬಿಡುವುದು.
ಅದೊಂದು ಹೊಲಿಗೆ ನನಗೆ ಬರುತ್ತಿರಲಿಲ್ಲ.
ಕೈ ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಮಂಡಕ್ಕಿ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊಯ್ದು
ಗುಂಡಿ ಬೀಳಿಸುವ ಆಟ ಕಲಿಸಿದೆ. ಟಣ್.
ಆ ಟಣ್ ಅವನಿಗೆ ನೂರು ಸಲ ಬೇಕು.
ಕುಕ್ಕರಿನ ಸೀಟಿಗೆ ಕಿವಿ ಮುಚ್ಚುವವನು
ಇದಕ್ಕೆ ನಗುತ್ತಾನೆ.

ಎದುರು ಕೂತರೆ ನನ್ನ ಎಡ ಅವನ ಬಲ,
ಅದಕ್ಕೇ ಹಿಂದೆ ನಿಂತೆ, ಗಲ್ಲ ಅವನ ನೆತ್ತಿಗೆ ತಾಗಿಸಿ.
ನನ್ನ ಕೈ ಮೊದಲು ಅವನ ಕೈಯ ಮೇಲೆ,
ಆಮೇಲೆ ಮಣಿಕಟ್ಟಿಗೆ, ಆಮೇಲೆ ಮೊಣಕೈಗೆ.
ದೀಪಾವಳಿ ಹೊತ್ತಿಗೆ
ಭುಜದ ಮೇಲೆ ಸುಮ್ಮನೆ ಇತ್ತು.

"ವ್ಯಾನು ಹಾರ್ನ್ ಹೊಡೀತೈತಿ, ನೀನೇ ಹಾಕಬಾರದೇನೆ?"
ಅಡುಗೆಮನೆಯಿಂದ ನಮ್ಮತ್ತೆ.
ಹೊರಗೆ ಡ್ರೈವರ್ ಖಾದರ್ ಸಾಬರು
ಏನೂ ಕೇಳದೆ ಇಂಜಿನ್ ಆರಿಸಿದರು.
ಅದನ್ನು ನಾನು ಮರೆಯುವುದಿಲ್ಲ.

ಚಳಿ ಹಿಡಿದ ಒಂದು ಸೋಮವಾರ
ತಾನೇ ಮೇಲಿಂದ ಇಳಿಯತೊಡಗಿದ.
ಮೊದಲ ಗುಂಡಿ ಎರಡನೆಯ ಕಾಜಾಕ್ಕೆ.
ಎರಡನೆಯದು ಮೂರನೆಯದಕ್ಕೆ.
ನನ್ನ ಬೆರಳು ತುರಿಸಿದವು.
ಕೊನೆಯ ಗುಂಡಿ ಹಿಡಿದುಕೊಂಡು
ಅಂಚಿನುದ್ದಕ್ಕೂ ಹುಡುಕಿದ, ಮಡಿಚಿ ನೋಡಿದ,
ಫ್ಯಾನು ಬಿಟ್ಟು ನನ್ನ ಮುಖ ನೋಡಿದ:
"ಕಾಜಾ ಇಲ್ಲ."

ಅವನ ಬಾಯಲ್ಲಿ ನನ್ನ ಕಸುಬಿನ ಮಾತು!
ಹೌದಪ್ಪಾ, ಇಲ್ಲ, ಎಂದೆ.
ಒಂದು ಅಂಚು ಇಳಿಬಿದ್ದ ಶರ್ಟಿನಲ್ಲೇ ಶಾಲೆಗೆ ಹೋದ.

ರಾತ್ರಿ ಪಿಸೆಯವರ ಗಂಟನ್ನು ಪಕ್ಕಕ್ಕೆ ಸರಿಸಿ
ಅವನ ಶರ್ಟು ತೊಡೆಯ ಮೇಲೆ ಹಾಸಿಕೊಂಡೆ.
ಏಳನೆಯದರ ಕೆಳಗೆ ನಾಲ್ಕು ಬೆರಳಳೆದು
ಬ್ಲೇಡಿನಿಂದ ಕೊಯ್ದು, ಅಂಚು ಸುತ್ತಿ,
ಎಂಟನೆಯದೊಂದು ಹೊಲಿದೆ.
ಯಾವ ಟೈಲರ ಲೆಕ್ಕಕ್ಕೂ ಇಲ್ಲದ ಕಾಜಾ.
ಪಿಸೆಯವರು ಕಂಡಿದ್ದರೆ ಶರ್ಟು ಕೆಡಿಸಿದೆ ಅನ್ನುತ್ತಿದ್ದರು.

ಬೆಳಿಗ್ಗೆ, ನೋಡಿ,
ಏಳನ್ನೂ ಏಳಕ್ಕೇ ಸರಿಯಾಗಿ ಹಾಕಿಬಿಟ್ಟ.
ಮರುದಿನ ಮತ್ತೆ ತಪ್ಪು.
ಅದರಾಚೆ ದಿನ ಶರ್ಟೇ ಬೇಡವೆಂದು ಮೂಲೆ ಹಿಡಿದ,
ಸೋಪು ಬದಲಾಗಿತ್ತು, ನನ್ನ ಬುದ್ಧಿ.

ಈಗ ಎಂಟನೆಯದು ಒಮ್ಮೆ ಬೇಕು, ಒಮ್ಮೆ ಬೇಡ.
ಬೇಡವಾದ ದಿನ
ಅದರೊಳಗೆ ಕಿರುಬೆರಳು ತೂರಿಸಿಕೊಂಡು
ಗೇಟಿನ ಹತ್ತಿರ ನಿಲ್ಲುತ್ತಾನೆ,
ವ್ಯಾನು ಬರುವವರೆಗೆ.